ಮುಳ್ಳಿಲಿಯ ತಟ್ಟೆಗೆ ಏನು ಹಾಕಬೇಕು?

ವಿಶಾಖಪಟ್ಟಣದ ಒಂದು ಅಪಾರ್ಟ್‌ಮೆಂಟ್ ಎಂದಿಟ್ಟುಕೊಳ್ಳಿ. ಮಗಳು ಹಟ ಮಾಡಿದಳೆಂದು ಅಪ್ಪ ಒಂದು ಹೆಡ್ಜ್‌ಹಾಗ್ ತಂದಿದ್ದಾರೆ. ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಕೂರುವಷ್ಟು ಪ್ರಾಣಿ. ಬೆನ್ನ ತುಂಬ ಮುಳ್ಳು, ಚೂಪು ಮೂತಿ. ಹಗಲೆಲ್ಲ ಚೆಂಡಿನ ಹಾಗೆ ಸುತ್ತಿಕೊಂಡು ಮಲಗುತ್ತದೆ. ಮಾರಿದವನು ‘ಏನು ಕೊಟ್ಟರೂ ತಿನ್ನುತ್ತೆ ಸಾರ್’ ಎಂದು ಹೇಳಿ ಕಳಿಸಿದ್ದಾನೆ. ಮೊದಲ ರಾತ್ರಿ ಮನೆಯವರು ಬಟ್ಟಲಲ್ಲಿ ಹಾಲು ಇಡುತ್ತಾರೆ. ಎರಡನೆಯ ದಿನ ಕ್ಯಾರೆಟ್ ಹೆಚ್ಚಿ ಹಾಕುತ್ತಾರೆ. ಮೂರನೆಯ ದಿನ, ಪಾಪ ಏನೂ ತಿಂದಿಲ್ಲವಲ್ಲ ಎಂದು, ಅಜ್ಜಿ ತಮ್ಮ ತಟ್ಟೆಯಿಂದ ಎರಡು ತುತ್ತು ಮೊಸರನ್ನ ತೆಗೆದಿಡುತ್ತಾರೆ. ವಾರ ತುಂಬುವ ಹೊತ್ತಿಗೆ ಪ್ರಾಣಿಗೆ ಭೇದಿ ಹತ್ತಿರುತ್ತದೆ.

ಇಲ್ಲಿ ಯಾರೂ ಕೆಟ್ಟವರಲ್ಲ. ಮೂರು ದಿನವೂ ಪ್ರೀತಿಯಿಂದಲೇ ಬಡಿಸಿದ್ದಾರೆ. ಆದರೆ ಮೂರೂ ಸಲ ತಟ್ಟೆಯಲ್ಲಿದ್ದದ್ದು ತಪ್ಪು ಆಹಾರ. ಈ ಮೂರು ತಪ್ಪುಗಳಿಗೂ ಒಂದೊಂದು ಚರಿತ್ರೆಯಿದೆ. ಹಾಲಿನ ತಪ್ಪು ಯುರೋಪಿನಿಂದ ಬಂದದ್ದು. ಕ್ಯಾರೆಟ್ಟಿನ ತಪ್ಪು ನಮ್ಮ ಭಾಷೆಗಳ ಒಂದು ಹೆಸರಿನೊಳಗಿದೆ. ಮೊಸರನ್ನದ ತಪ್ಪನ್ನು ಅರ್ಥ ಮಾಡಿಕೊಳ್ಳಲು ನೀಲಗಿರಿಯ ಕೂನೂರಿಗೆ ಹೋಗಿ, ಅಲ್ಲಿ ಕನ್ನಡಿಗರ ಊಟ ಉಂಡ ಇಲಿಗಳನ್ನು ನೋಡಿ ಬರಬೇಕು. ಒಂದೊಂದಾಗಿ ನೋಡೋಣ. ಕ್ಯಾರೆಟ್ಟಿನಿಂದಲೇ ಶುರು ಮಾಡುತ್ತೇನೆ.

*

ಕನ್ನಡದಲ್ಲಿ ಮೈಮೇಲೆ ಮುಳ್ಳಿರುವ ಪ್ರಾಣಿ ಎಂದರೆ ಮುಳ್ಳುಹಂದಿ. ತೆಲುಗಿನಲ್ಲಿ ಮುಳ್ಳಪಂದಿ, ಏದುಪಂದಿ. ಈ ಹೆಸರುಗಳ ನಿಜವಾದ ಒಡೆಯ ನಮ್ಮ ಕಾಡಿನಂಚಿನ ದೊಡ್ಡ ಪ್ರಾಣಿ, ಇಂಗ್ಲಿಷಿನವರು ಪಾರ್ಕ್ಯುಪೈನ್ ಎನ್ನುವುದು. ಹತ್ತು ಕಿಲೋ ಮೀರಿ ತೂಗುತ್ತದೆ, ಗೇಣುದ್ದದ ಕಪ್ಪು ಬಿಳುಪು ಮುಳ್ಳುಗಳಿರುತ್ತವೆ, ಅವು ಕಿತ್ತು ಬರುತ್ತವೆ. ಅದು ಇಲಿ, ಅಳಿಲುಗಳ ಬಳಗಕ್ಕೆ ಸೇರಿದ ದಂಶಕ. ಗೆಡ್ಡೆ, ಬೇರು, ತೊಗಟೆ, ಬಿದ್ದ ಹಣ್ಣು ಅದರ ಆಹಾರ. ಆಲೂಗಡ್ಡೆ, ಕಡಲೆಕಾಯಿ ಬೆಳೆಯುವ ರೈತರಿಗೆ ಅದರ ಹಲ್ಲಿನ ಪರಿಚಯ ಚೆನ್ನಾಗಿಯೇ ಇದೆ.

ಹೆಡ್ಜ್‌ಹಾಗ್ ಅದರ ಮರಿಯೂ ಅಲ್ಲ, ನೆಂಟನೂ ಅಲ್ಲ. ಕೆಲವೇ ನೂರು ಗ್ರಾಂ ತೂಗುವ ಪ್ರಾಣಿ. ಮುಳ್ಳು ಬೆರಳ ಗೆಣ್ಣಿನಷ್ಟೂ ಉದ್ದವಿರುವುದಿಲ್ಲ, ಸುಲಭಕ್ಕೆ ಉದುರುವುದೂ ಇಲ್ಲ. ಹೆದರಿದರೆ ಓಡುವುದಿಲ್ಲ, ಸುತ್ತಿಕೊಳ್ಳುತ್ತದೆ. ಅದರ ಹತ್ತಿರದ ಸಂಬಂಧಿ ನಮ್ಮ ಮನೆಗಳಲ್ಲಿ ಕಿಚಕಿಚ ಎನ್ನುತ್ತ ಗೋಡೆಯಂಚಿನಲ್ಲಿ ಓಡುವ ಸೊಂಡಿಲಿ. ಸೊಂಡಿಲಿಯ ಹಾಗೆಯೇ ಇದೂ ಹುಳಹುಪ್ಪಟೆ ತಿನ್ನುವ ಜೀವಿ. ತಮಿಳರು ಇದಕ್ಕೆ ಮುಳ್ಳೆಲಿ ಎನ್ನುತ್ತಾರೆ. ಆ ಜಾಡಿನಲ್ಲೇ ಕನ್ನಡದಲ್ಲಿ ಮುಳ್ಳಿಲಿ ಎಂದು ಕರೆಯುತ್ತೇನೆ, ಇದು ಇಲಿಯೂ ಅಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು. ಇಂಗ್ಲಿಷ್ ಕೂಡ ಈ ವಿಷಯದಲ್ಲಿ ಜಾಣತನ ತೋರಿಲ್ಲ. ಹೆಡ್ಜ್‌ಹಾಗ್ ಎಂದರೆ ಬೇಲಿಯ ಹಂದಿ, ಪಾರ್ಕ್ಯುಪೈನ್ ಎಂಬ ಮಾತಿನ ಮೂಲದಲ್ಲಿರುವುದೂ ಮುಳ್ಳಿನ ಹಂದಿಯೇ.

ಹೀಗೆ ಹೆಸರು ಒಂದಾದಾಗ ಊಟವೂ ಒಂದಾಗಿಬಿಡುತ್ತದೆ. ‘ಮುಳ್ಳುಹಂದಿ ಏನು ತಿನ್ನುತ್ತೆ?’ ಎಂದು ಊರಿನ ಹಿರಿಯರನ್ನು ಕೇಳಿದರೆ ಅವರು ತಮಗೆ ಗೊತ್ತಿರುವ ಪ್ರಾಣಿಯ ಬಗ್ಗೆ ಸರಿಯಾಗಿಯೇ ಹೇಳುತ್ತಾರೆ: ಗೆಡ್ಡೆ ಗೆಣಸು. ಆ ಉತ್ತರ ಹೊತ್ತು ಮನೆಗೆ ಬಂದವರು ಹುಳ ತಿನ್ನುವ ಪ್ರಾಣಿಯ ಮುಂದೆ ಕ್ಯಾರೆಟ್ ಇಡುತ್ತಾರೆ.

*

ಪ್ರಾಣಿಯ ಹೆಸರನ್ನೂ ಅದರ ಊಟವನ್ನೂ ಒಟ್ಟಿಗೆ ಕೇಳಿ ಬರೆದುಕೊಂಡ ಒಬ್ಬ ಅಧಿಕಾರಿಯ ಕತೆ ಇಲ್ಲಿಗೆ ಹೊಂದುತ್ತದೆ. ಕನ್ನಡನಾಡಿಗೂ ಆಂಧ್ರದ ಕರಾವಳಿಗೂ ಸೇರಿದ ಕತೆ ಅದು. ಹೆಸರು ವಾಲ್ಟರ್ ಎಲಿಯಟ್. ಮದ್ರಾಸ್ ಸಿವಿಲ್ ಸರ್ವಿಸ್‌ಗೆ ಸೇರಿ ಧಾರವಾಡದ ಕಡೆಗೆ ಬಂದಾಗ ಇಪ್ಪತ್ತರ ಆಸುಪಾಸಿನ ಹುಡುಗ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಇವನೂ ಒಬ್ಬ. ಬಿಡುಗಡೆಯಾದ ಮೇಲೂ ವರ್ಷಗಟ್ಟಲೆ ಆ ಸೀಮೆಯಲ್ಲೇ ಉಳಿದ. ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಜೊತೆಗೆ ಪ್ರಾಣಿಗಳನ್ನು ಗಮನಿಸಿದ.

1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಎಲಿಯಟ್ ‘ದಕ್ಷಿಣ ಮರಾಠಾ ದೇಶ’ದ ಸಸ್ತನಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಧಾರವಾಡ, ಬೆಳಗಾವಿಯ ಕಡೆಯ ಸೀಮೆಯನ್ನು ಆಗ ಆಳುವವರು ಕರೆಯುತ್ತಿದ್ದುದು ಹಾಗೆ. ಆ ಪಟ್ಟಿಯ ತಲೆಬರಹದಲ್ಲೇ, ಸ್ಥಳೀಯ ಭಾಷೆಗಳ ಹೆಸರುಗಳೂ ಇದರಲ್ಲಿವೆ ಎಂಬ ಮಾತಿದೆ. ಹೊಲದ ಪೊದೆಗಳಲ್ಲಿರುವ ಒಂದು ಇಲಿಗೆ ಅಲ್ಲಿನವರು ಗುಲಂಡಿ ಎನ್ನುತ್ತಿದ್ದುದನ್ನು ಅವನು ಬರೆದುಕೊಂಡಿದ್ದ. ಆ ಇಲಿಗೆ 1837ರಲ್ಲಿ ಲಂಡನ್ನಿನ ಗ್ರೇ ಕೊಟ್ಟ ವೈಜ್ಞಾನಿಕ ಹೆಸರು ಗೊಲುಂಡ ಎಲಿಯೋಟಿ. ಹೆಸರಿನ ಮೊದಲ ಪದ ಕನ್ನಡದ್ದು, ಎರಡನೆಯದು ಅಧಿಕಾರಿಯದ್ದು. ಇಂದಿಗೂ ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಆ ಇಲಿಯ ಹೆಸರು ಅದೇ.

ಈ ಮಾಹಿತಿ ಎಲಿಯಟ್‌ಗೆ ಕೊಟ್ಟವರು ಯಾರು? ಅವನ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬರುವವರು ವಡ್ಡರು, ಅಂದರೆ ಇಂದಿನ ಭೋವಿ ಸಮುದಾಯದವರು. ಮಣ್ಣಿನ ಕೆಲಸ, ಕಲ್ಲಿನ ಕೆಲಸ ಮಾಡುತ್ತ ಊರೂರು ತಿರುಗುತ್ತಿದ್ದ, ಮನೆಯಲ್ಲಿ ತೆಲುಗು ಆಡುತ್ತಿದ್ದ ಜನ. ಹೆಗ್ಗಣದ ಬಿಲ ಅಗೆದು ಅದು ಕೂಡಿಟ್ಟ ಕಾಳನ್ನು ತೆಗೆದು, ಎಷ್ಟೋ ಸಲ ಆ ಕಾಳಿನಿಂದಲೇ ಅವರು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು ಎಂದು ಎಲಿಯಟ್ ಬರೆದಿದ್ದಾನೆ. ಯಾವ ಪ್ರಾಣಿ ಏನು ತಿನ್ನುತ್ತದೆ ಎಂಬುದು ಅವರಿಗೆ ಪುಸ್ತಕದ ವಿದ್ಯೆಯಾಗಿರಲಿಲ್ಲ. ಬರಗಾಲದಲ್ಲಿ ಬದುಕಿ ಉಳಿಯಲು ಬೇಕಾದ ತಿಳಿವಳಿಕೆಯಾಗಿತ್ತು. ಅವರ ಭಾಷೆಯ ಇನ್ನೊಂದು ಇಲಿಯ ಹೆಸರೂ ಲ್ಯಾಟಿನ್ ವೇಷ ಹಾಕಿಕೊಂಡು ವಿಜ್ಞಾನಕ್ಕೆ ಸೇರಿತು. ಹೇಳಿದವರ ಹೆಸರುಗಳು ಮಾತ್ರ ಸೇರಲಿಲ್ಲ.

1845ರಲ್ಲಿ ಎಲಿಯಟ್‌ನನ್ನು ಗುಂಟೂರಿಗೆ ಕಳಿಸಿದರು. ಕಂದಾಯ ಕುಸಿದದ್ದೇಕೆ ಎಂದು ತನಿಖೆ ಮಾಡುವ ಕೆಲಸ. ಅದೇ ವರ್ಷ ಬೆಜವಾಡದಿಂದ, ಅಂದರೆ ಇಂದಿನ ವಿಜಯವಾಡದಿಂದ, ದೂರವೇನಲ್ಲದ ಅಮರಾವತಿಯ ಸ್ತೂಪವನ್ನು ಅವನು ಅಗೆಸಿದ. ಅಲ್ಲಿನ ಶಿಲ್ಪಗಳು ಮದ್ರಾಸಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಸಾಗಿ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆಮೇಲೆ 1854ರವರೆಗೆ ಅವನು ಉತ್ತರ ಸರ್ಕಾರ್‌ಗಳ ಕಮಿಷನರ್ ಆಗಿದ್ದ. ಗಂಜಾಂ, ವಿಶಾಖಪಟ್ಟಣದಿಂದ ಕೃಷ್ಣೆಯ ದಂಡೆಯವರೆಗೆ ಹಬ್ಬಿದ ಕರಾವಳಿಗೆ ಆಗ ಆ ಹೆಸರಿತ್ತು. ಕನ್ನಡ ಸೀಮೆಯಲ್ಲಿ ಪ್ರಾಣಿಗಳಿಗೆ ಮಾಡಿದ ಕೆಲಸವನ್ನು ಇಲ್ಲಿ ಗಿಡಗಳಿಗೆ ಮಾಡಿದ. ಸಸ್ಯಗಳ ತೆಲುಗು ಹೆಸರುಗಳನ್ನು ಕೂಡಿಸಿದ ‘ಫ್ಲೋರಾ ಆಂಧ್ರಿಕಾ’ 1859ರಲ್ಲಿ ಅಚ್ಚಾಯಿತು. ಅದೇ ವರ್ಷ ಹೊರಬಂದ ಡಾರ್ವಿನ್ನನ ‘ಜೀವಜಾತಿಗಳ ಉಗಮ’ದಲ್ಲಿ, ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿಕೊಟ್ಟದ್ದಕ್ಕೆ ಎಲಿಯಟ್‌ಗೆ ಕೃತಜ್ಞತೆಯಿದೆ.

ಚರ್ಮಗಳು ಎಂಬ ಮಾತನ್ನು ಗಮನಿಸಿ. ನಮ್ಮ ಮುಳ್ಳಿಲಿಗಳು ವಿಜ್ಞಾನಕ್ಕೆ ಪರಿಚಯವಾದದ್ದೂ ಹಾಗೆಯೇ. ಭಾರತದಲ್ಲಿ ಮೂರು ಜಾತಿಗಳಿವೆ. ಉದ್ದ ಕಿವಿಯ ಒಂದನ್ನು 1830ರಲ್ಲಿ ಗ್ರೇ ಹೆಸರಿಸಿದ. ಎರಡನೆಯದನ್ನು 1846ರಲ್ಲಿ ಕಲ್ಕತ್ತೆಯ ಎಡ್ವರ್ಡ್ ಬ್ಲೈತ್ ಹೆಸರಿಸಿದ. ಈ ಎರಡೂ ಹೆಚ್ಚಾಗಿ ವಾಯವ್ಯದ ಒಣನಾಡಿನವು. ಮೂರನೆಯದು ದಕ್ಷಿಣದ್ದೇ. ತಮಿಳುನಾಡು, ಆಂಧ್ರ, ಕೇರಳದ ಕುರುಚಲು ನೆಲದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮದ್ರಾಸ್ ಮುಳ್ಳಿಲಿ. 1851ರಲ್ಲಿ, ಎಲಿಯಟ್ ಇನ್ನೂ ಆಂಧ್ರದ ಕರಾವಳಿಯಲ್ಲಿದ್ದಾಗ, ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಮ್ಯೂಸಿಯಂನ ಪಟ್ಟಿಯಲ್ಲಿ ಥಾಮಸ್ ಹಾರ್ಸ್‌ಫೀಲ್ಡ್ ಅದನ್ನು ನ್ಯುಡಿವೆಂಟ್ರಿಸ್, ಅಂದರೆ ಬರಿ ಹೊಟ್ಟೆಯದು ಎಂದು ದಾಖಲಿಸಿದ. ಹೊಟ್ಟೆಯ ಮೇಲೆ ಕೂದಲಿಲ್ಲ ಎಂಬುದು ಹೆಸರಿನಲ್ಲೇ ಇದೆ. ಹೊಟ್ಟೆಯೊಳಗೆ ಏನು ಹೋಗುತ್ತದೆ ಎಂಬುದನ್ನು ಒಣಗಿದ ಚರ್ಮ ಹೇಳುವುದಿಲ್ಲ.

*

ಇನ್ನು ಹಾಲು. ಯುರೋಪಿನಲ್ಲಿ ಮುಳ್ಳಿಲಿ ಹಿತ್ತಲ ಪ್ರಾಣಿ. ಆದರೂ ಅದರ ಊಟದ ಬಗ್ಗೆ ಅಲ್ಲಿನವರು ಎರಡು ಸಾವಿರ ವರ್ಷ ತಪ್ಪು ತಿಳಿದಿದ್ದರು. ಮೊದಲ ಶತಮಾನದ ರೋಮಿನ ಪ್ಲಿನಿ, ಮುಳ್ಳಿಲಿ ಬಿದ್ದ ಸೇಬುಗಳ ಮೇಲೆ ಹೊರಳಿ ಮುಳ್ಳಿಗೆ ಚುಚ್ಚಿಕೊಂಡು ಮರದ ಪೊಟರೆಗೆ ಹೊತ್ತೊಯ್ಯುತ್ತದೆ ಎಂದು ಬರೆದ. ಬೆನ್ನ ಮೇಲೆ ಹಣ್ಣು ಹೊತ್ತ ಮುಳ್ಳಿಲಿಯ ಚಿತ್ರ ಇಂದಿಗೂ ಮಕ್ಕಳ ಪುಸ್ತಕಗಳಲ್ಲಿದೆ. ಇನ್ನೊಂದು ನಂಬಿಕೆ ಇದಕ್ಕಿಂತ ಕೇಡಿನದು: ರಾತ್ರಿ ಮಲಗಿದ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿ ಮುಳ್ಳಿಲಿ ಹಾಲು ಕುಡಿಯುತ್ತದೆ ಎಂಬುದು. ಇಂಗ್ಲೆಂಡಿನಲ್ಲಿ ಒಂದನೆಯ ಎಲಿಜಬೆತ್ ಕಾಲದ 1566ರ ಕಾಯ್ದೆ ಮುಳ್ಳಿಲಿಯನ್ನು ಪೀಡೆಯ ಪ್ರಾಣಿಗಳ ಪಟ್ಟಿಗೆ ಸೇರಿಸಿ, ಕೊಂದು ತಂದವರಿಗೆ ತಲೆಗೆ ಎರಡು ಪೆನ್ಸ್ ಇನಾಮು ಗೊತ್ತು ಮಾಡಿತು. ನಮ್ಮಲ್ಲಿ ಹಾವು ಹಾಲು ಕುಡಿಯುತ್ತದೆ ಎಂದು ನಂಬಿದ ಹಾಗೆ ಅವರಲ್ಲಿ ಇದು. ನಮ್ಮ ಹಾವಿಗೆ ನಾಗರಪಂಚಮಿಯ ಪೂಜೆ ಸಿಕ್ಕಿತು, ಅವರ ಮುಳ್ಳಿಲಿಗೆ ದೊಣ್ಣೆಯ ಏಟು.

ಕಾಲ ಬದಲಾಗಿ ಮುಳ್ಳಿಲಿ ಮುದ್ದಿನ ಪ್ರಾಣಿಯಾಯಿತು. 1905ರಲ್ಲಿ ಬಿಯಾಟ್ರಿಕ್ಸ್ ಪಾಟರ್ ತಾನು ಸಾಕಿದ ಮುಳ್ಳಿಲಿಯನ್ನೇ ಮಾದರಿ ಮಾಡಿಕೊಂಡು ಮಿಸೆಸ್ ಟಿಗ್ಗಿ-ವಿಂಕಲ್ ಎಂಬ ಅಗಸಗಿತ್ತಿಯ ಕತೆ ಬರೆದಳು. ಆದರೆ ಹಾಲಿನ ನಂಬಿಕೆ ಹೋಗಲಿಲ್ಲ, ತಿರುಗಿ ನಿಂತಿತು ಅಷ್ಟೆ. ಕದ್ದು ಕುಡಿಯುತ್ತದೆ ಎಂದು ಕೊಲ್ಲುತ್ತಿದ್ದವರ ಮೊಮ್ಮಕ್ಕಳು ರಾತ್ರಿ ಹಿತ್ತಲಲ್ಲಿ ಬಟ್ಟಲು ತುಂಬ ಹಾಲು, ಅದರಲ್ಲಿ ನೆನೆಸಿದ ಬ್ರೆಡ್ಡು ಇಡತೊಡಗಿದರು. ಬೆಳೆದ ಮುಳ್ಳಿಲಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಭೇದಿಯಾಗುತ್ತದೆ, ಆ ಪುಟ್ಟ ಮೈಯಿಂದ ನೀರು ಬೇಗ ಆರುತ್ತದೆ, ಮರಿಯಾದರೆ ಸತ್ತೂ ಹೋಗುತ್ತದೆ. ಇಂಗ್ಲೆಂಡಿನ ಪ್ರಾಣಿದಯಾ ಸಂಸ್ಥೆಗಳು ಹಾಲು ಬೇಡ, ನೀರು ಇಡಿ ಎಂದು ಇಂದಿಗೂ ಹೇಳುತ್ತಲೇ ಇರಬೇಕಾಗಿದೆ.

*

ಈಗ ಅಜ್ಜಿಯ ಮೊಸರನ್ನ. ‘ಸಮತೋಲನ ಆಹಾರ’ ಎಂಬ ಮಾತನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಹೊಟ್ಟೆ ತುಂಬುವುದೇ ಬೇರೆ, ಮೈಗೆ ಬೇಕಾದುದೆಲ್ಲ ಸಿಗುವುದೇ ಬೇರೆ ಎಂಬ ತಿಳಿವಳಿಕೆ ಅದು. ಈ ತಿಳಿವಳಿಕೆ ನಮ್ಮ ದೇಶದಲ್ಲಿ ಬೇರೂರಿದ್ದು ಪಂಜರದ ಪ್ರಾಣಿಗಳಿಗೆ ಊಟ ಹಾಕಿ ನೋಡಿದ್ದರಿಂದ.

1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆ ಶುರು ಮಾಡಿದ. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿಕೊಂಡವರಿಗೆ ಬರುವ ರೋಗ ಅದು. 1920ರ ದಶಕದಲ್ಲಿ ಅವನು ಒಂದು ಸರಳ ಪ್ರಯೋಗ ಮಾಡಿದ. ಒಂದೇ ತಳಿಯ, ಒಂದೇ ವಯಸ್ಸಿನ ಇಲಿಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೂ ಭಾರತದ ಒಂದೊಂದು ಜನಸಮುದಾಯದ ದಿನನಿತ್ಯದ ಊಟವನ್ನೇ ಹಾಕಿದ. ಸಿಖ್ಖರ ಊಟ, ಪಠಾಣರದು, ಮರಾಠರದು, ಗೂರ್ಖರದು, ಕನ್ನಡಿಗರದು, ಬಂಗಾಳಿಗಳದು, ಮದ್ರಾಸಿಗಳದು. ಕೆಲವು ವಾರಗಳ ನಂತರ ತೂಗಿದಾಗ ಇಲಿಗಳು ಸಾಲಾಗಿ ಇದೇ ಕ್ರಮದಲ್ಲಿ ನಿಂತವು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ ತಿಂದ ಸಿಖ್ಖರ ಗುಂಪಿನ ಸರಾಸರಿ ತೂಕ 235 ಗ್ರಾಂ. ಕನ್ನಡಿಗರ ಊಟ ಉಂಡವು 185 ಗ್ರಾಂ. ಮದ್ರಾಸಿಗಳ ಅನ್ನದ ಊಟ ಉಂಡವು 155 ಗ್ರಾಂ. ವಿಶಾಖಪಟ್ಟಣ, ಬೆಜವಾಡ ಎರಡೂ ಆಗ ಮದ್ರಾಸ್ ಪ್ರೆಸಿಡೆನ್ಸಿಯೊಳಗಿನ ಊರುಗಳು.

ಯಾವ ಗುಂಪಿನ ಇಲಿಯೂ ಹಸಿದಿರಲಿಲ್ಲ. ಕೊರತೆಯಿದ್ದದ್ದು ತಟ್ಟೆಯ ಅಳತೆಯಲ್ಲಲ್ಲ, ತಟ್ಟೆಯಲ್ಲಿದ್ದುದರಲ್ಲಿ. ಮೆಕ್‌ಕ್ಯಾರಿಸನ್‌ನ ಆ ಸಣ್ಣ ವಿಚಾರಣೆ ಬೆಳೆದು ಪೌಷ್ಟಿಕತೆಯ ಸಂಶೋಧನಾಲಯವಾಯಿತು. 1937ರಲ್ಲಿ ಅವನ ಉತ್ತರಾಧಿಕಾರಿ ಐಕ್ರಾಯ್ಡ್ ಭಾರತದ ಆಹಾರಗಳಲ್ಲಿ ಯಾವುದರಲ್ಲಿ ಎಷ್ಟು ಸತ್ವವಿದೆ ಎಂಬ ಕೈಪಿಡಿ ಹೊರತಂದ. 1958ರಲ್ಲಿ ಸಂಶೋಧನಾಲಯ ಕೂನೂರಿನಿಂದ ಹೊಸ ಆಂಧ್ರ ಪ್ರದೇಶದ ರಾಜಧಾನಿಯಾಗಿದ್ದ ಹೈದರಾಬಾದಿಗೆ ಬಂತು. 1969ರಿಂದ ಅದರ ಹೆಸರು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ.

ಹೀಗೆ ಪಂಜರದ ಪ್ರಾಣಿಗಳು ನಮ್ಮ ಊಟ ಉಂಡು, ಸೊರಗಿ, ಆ ಊಟದಲ್ಲಿ ಏನು ಕಡಿಮೆ ಎಂದು ನಮಗೆ ತಿಳಿಸಿಕೊಟ್ಟವು. ನಮ್ಮ ಮಕ್ಕಳ ತಟ್ಟೆಗೆ ಬೇಳೆ, ಸೊಪ್ಪು, ಹಾಲು ಬಂದದ್ದರಲ್ಲಿ ಅವುಗಳ ಪಾಲಿದೆ. ಇಷ್ಟಾದ ಮೇಲೂ ಮನೆಗೆ ತಂದ ಪ್ರಾಣಿಗೆ ನಾವು ನಮ್ಮ ಊಟವನ್ನೇ ಹಾಕುತ್ತೇವೆ. ಇಲಿ ಎಂದರೆ ಕಾಳು ಕಡಿ ಏನನ್ನಾದರೂ ತಿಂದು ಹೇಗೋ ಬದುಕುವ ಜೀವಿ. ಅದೇ ಅನ್ನದ ಊಟದಲ್ಲಿ ಸೊರಗಿತು. ಹುಳ ತಿನ್ನಲೆಂದೇ ಹುಟ್ಟಿದ ಮುಳ್ಳಿಲಿಯ ಗತಿ ಏನಾಗಬೇಡ?

*

ಹಾಗಾದರೆ ಅದು ನಿಜವಾಗಿ ಏನು ತಿನ್ನುತ್ತದೆ? ನಮ್ಮ ಮುಳ್ಳಿಲಿಗಳಿಗೆ ಹೆಸರಿಟ್ಟು ನೂರು ವರ್ಷ ದಾಟಿದ ಮೇಲೆ, 1950ರ ದಶಕದ ಮಧ್ಯದಲ್ಲಿ, ಡಿ. ಕೃಷ್ಣ ಮತ್ತು ಈಶ್ವರ ಪ್ರಕಾಶ್ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು ರಾಜಸ್ಥಾನದ ಮರುಭೂಮಿಯ ಮುಳ್ಳಿಲಿಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಸರಣಿ ಬರಹ ಪ್ರಕಟಿಸಿದರು. ಅದರ ಒಂದು ಭಾಗ ಪೂರ್ತಿ ಅವುಗಳ ಆಹಾರದ ಬಗ್ಗೆಯೇ. ಧಾರವಾಡದ ಸೀಮೆಯಲ್ಲಿ ಬಿಲ ಅಗೆಯುತ್ತಿದ್ದವರಿಗೆ ಗೊತ್ತಿದ್ದ ಬಗೆಯ ತಿಳಿವಳಿಕೆ ಕೊನೆಗೂ ಮುಳ್ಳಿಲಿಯ ಪಾಲಿಗೆ ಬರಹದಲ್ಲಿ ಬಂತು.

ಭಾರತದ ಮುಳ್ಳಿಲಿಗಳು ದುಂಬಿ, ಗೆದ್ದಲು, ಮಿಡತೆ, ಚೇಳು ತಿನ್ನುತ್ತವೆ. ಸಿಕ್ಕರೆ ಕಪ್ಪೆ, ಸಣ್ಣ ಹಲ್ಲಿ, ನೆಲದಲ್ಲಿಟ್ಟ ಮೊಟ್ಟೆಯನ್ನೂ ಬಿಡುವುದಿಲ್ಲ. ಅವುಗಳ ಹಲ್ಲು ಚೂಪು, ದುಂಬಿಯ ಕವಚ ಪುಡಿ ಮಾಡಲು ತಕ್ಕದ್ದು. ಕರುಳು ಗಿಡ್ಡ. ಸೊಪ್ಪು ತಿನ್ನುವ ಪ್ರಾಣಿಗಳಲ್ಲಿ ನಾರನ್ನು ಕೊಳೆಸಿ ಜೀರ್ಣಿಸುವ ಒಂದು ಚೀಲ ಕರುಳಿಗೆ ಅಂಟಿಕೊಂಡಿರುತ್ತದಲ್ಲ, ಅದು ಇವಕ್ಕೆ ಇಲ್ಲವೇ ಇಲ್ಲ.

ಸಾಕುವವರ ಕೈಗೆ ಸಿಗುವುದು ಬೇರೆ ಜಾತಿ, ಆಫ್ರಿಕಾದ ಹುಲ್ಲುಗಾವಲಿನ ನಾಲ್ಕು ಬೆರಳಿನ ಮುಳ್ಳಿಲಿ. ಹಿಂಗಾಲಿಗೆ ನಾಲ್ಕೇ ಬೆರಳಿರುವುದರಿಂದ ಆ ಹೆಸರು. 1980ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಸಾಕುವ ಗೀಳು ಹಬ್ಬಿತು. ಕಾಲುಬಾಯಿ ಜ್ವರದ ಭಯದಿಂದ 1991ರಲ್ಲಿ ಆಫ್ರಿಕಾದಿಂದ ತರುವುದು ನಿಂತ ಮೇಲೆ, ಅಲ್ಲಿದ್ದವುಗಳ ಸಂತತಿಯನ್ನೇ ಬೆಳೆಸಿಕೊಂಡು ಬಂದರು. ಅದಕ್ಕೆಂದೇ ತಯಾರಾದ ಆಹಾರ ಇರಲಿಲ್ಲ. ಬೆಕ್ಕಿನ ಒಣ ಆಹಾರ ಹಾಕಿದರು. ಕಾಡಿನಲ್ಲಿ ರಾತ್ರಿಯಿಡೀ ಅಲೆದು ಹುಳ ಹುಡುಕುವ ಪ್ರಾಣಿ ಪಂಜರದಲ್ಲಿ ಕೂತಲ್ಲೇ ತಿಂದು ಬೊಜ್ಜು ಬೆಳೆಸಿತು. ಯಕೃತ್ತಿನಲ್ಲಿ ಕೊಬ್ಬು ತುಂಬಿತು. ಮೀಲ್‌ವರ್ಮ್ ಎಂಬ ಹಿಟ್ಟಿನ ಹುಳುವನ್ನೇ ಮನಸೋ ಇಚ್ಛೆ ಹಾಕಿದವರ ಪ್ರಾಣಿಗಳಿಗೆ ಮೂಳೆ ಮೆತ್ತಗಾಯಿತು, ಏಕೆಂದರೆ ಆ ಹುಳುವಿನಲ್ಲಿ ರಂಜಕ ಹೆಚ್ಚು, ಸುಣ್ಣದಂಶ ತೀರಾ ಕಡಿಮೆ. ಇಂದು ಪಶುವೈದ್ಯರು ಕೊಡುವ ಸಲಹೆಯ ಹಿಂದೆ ಆ ಪ್ರಾಣಿಗಳ ಕಾಯಿಲೆಗಳ ಪಾಠವಿದೆ.

*

ಮತ್ತೆ ಆಂಧ್ರದ ಆ ಅಪಾರ್ಟ್‌ಮೆಂಟಿಗೆ ಬರೋಣ.

ಮೊದಲ ಪ್ರಶ್ನೆ, ಪಂಜರದಲ್ಲಿರುವುದು ಯಾವ ಮುಳ್ಳಿಲಿ? ನಮ್ಮ ನೆಲದ ಕಾಡು ಮುಳ್ಳಿಲಿಯನ್ನು ಹಿಡಿದು ಮಾರುವುದಕ್ಕಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕಾಗಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಅದು ಸಿಕ್ಕಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಅದಕ್ಕೆ ಸರಿಯಾದ ಊಟ ಇರುವುದು ಅದರ ಕುರುಚಲು ಕಾಡಿನಲ್ಲಿ. ಹೊರದೇಶದ ಜಾತಿಯಾದರೆ ಮಾರುವವನ ಬಳಿ ಕಾಗದ ಪತ್ರ ಕೇಳಬೇಕು. ಕೇಳಿದಾಗ ಅವನು ಮಾತು ಹಾರಿಸಿದರೆ ವ್ಯಾಪಾರ ಅಲ್ಲಿಗೇ ಬಿಡುವುದು ಮೇಲು. ಮುಂದಿನ ಮಾತೆಲ್ಲ ಈಗಾಗಲೇ ಮನೆಯಲ್ಲಿರುವ ಆಫ್ರಿಕಾದ ಜಾತಿಗೆ ಅನ್ವಯಿಸುವುದು.

ದಿನದ ಊಟಕ್ಕೆ ಆಧಾರ, ಮಾಂಸವೇ ಮೊದಲ ಪದಾರ್ಥವಾಗಿರುವ ಬೆಕ್ಕಿನ ಒಣ ಆಹಾರ. ಪೊಟ್ಟಣದ ಹಿಂದೆ ಓದಿ ನೋಡಿ: ಪ್ರೋಟೀನ್ 30ರಿಂದ 35 ಶೇಕಡದಷ್ಟು, ಕೊಬ್ಬು 15 ಶೇಕಡದೊಳಗೆ ಇರಲಿ. ಬೆಳೆದ ಪ್ರಾಣಿಗೆ ರಾತ್ರಿಗೆ ಒಂದರಿಂದ ಎರಡು ಟೇಬಲ್ ಚಮಚ ಸಾಕು. ತುಂಬಿದ ಬಟ್ಟಲು ಸದಾ ಮುಂದಿರಬಾರದು. ಎಚ್ಚರವಾಗುವುದು ರಾತ್ರಿಯಾದ್ದರಿಂದ ಸಂಜೆ ಇಟ್ಟು ಬೆಳಗ್ಗೆ ಉಳಿದದ್ದನ್ನು ತೆಗೆಯಬೇಕು. ಕಡಲ ಊರಿನ ತೇವಕ್ಕೆ ಆಹಾರ ಬೇಗ ಮುಗ್ಗುತ್ತದೆ, ಇರುವೆಯೂ ಮುತ್ತುತ್ತದೆ.

ವಾರಕ್ಕೆ ಮೂರು ನಾಲ್ಕು ಸಲ ಹುಳ ಬೇಕು. ಇದು ಬಾಯಿ ರುಚಿಗೆ ಮಾತ್ರ ಕೊಡುವುದಲ್ಲ, ಕವಚದ ನಾರು ಅದರ ಕರುಳಿಗೆ ಒಗ್ಗಿದ್ದು. ಸಾಕಿ ಬೆಳೆಸಿದ ಜೀರುಂಡೆ, ಕಪ್ಪು ಸೈನಿಕ ನೊಣದ ಮರಿಹುಳು ಒಳ್ಳೆಯವು. ಎರಡನೆಯದರಲ್ಲಿ ಸುಣ್ಣದಂಶ ಚೆನ್ನಾಗಿದೆ. ಮೀಲ್‌ವರ್ಮ್ ಮಿತವಾಗಿರಲಿ. ಹುಳಗಳಿಗೂ ಹಿಂದಿನ ದಿನ ಒಳ್ಳೆಯ ಮೇವು ಹಾಕಿದ್ದರೆ ಆ ಸತ್ವ ಮುಳ್ಳಿಲಿಗೆ ಸೇರುತ್ತದೆ. ಮನೆಯ ಮೂಲೆಯಲ್ಲಿ ಹಿಡಿದ ಜಿರಲೆ ಬೇಡವೇ ಬೇಡ. ಅದು ಯಾರ ಮನೆಯ ಔಷಧಿ ತಿಂದು ಬಂದಿದೆಯೋ ಯಾರಿಗೆ ಗೊತ್ತು.

ಅಡುಗೆಮನೆಯಿಂದಲೂ ಕೊಡಬಹುದಾದದ್ದಿದೆ. ದೇಶದಲ್ಲಿ ಅತಿ ಹೆಚ್ಚು ಮೊಟ್ಟೆ ಉತ್ಪಾದಿಸುವ ರಾಜ್ಯ ಆಂಧ್ರ. ದಿನವೂ ಪ್ರಕಟವಾಗುವ ಮೊಟ್ಟೆಯ ದರಪಟ್ಟಿಯಲ್ಲಿ ವಿಜಯವಾಡ, ವಿಶಾಖಪಟ್ಟಣ ಎರಡರ ಹೆಸರೂ ಇರುತ್ತದೆ. ಬೇಯಿಸಿದ ಮೊಟ್ಟೆಯ ಒಂದು ಚೂರು, ಉಪ್ಪು ಖಾರ ಎಣ್ಣೆ ಏನೂ ಇಲ್ಲದೆ ಬೇಯಿಸಿದ ಕೋಳಿಯ ಒಂದೆರಡು ಎಳೆ ವಾರದಲ್ಲಿ ಆಗಾಗ ಕೊಡಬಹುದು. ಮೆತ್ತಗೆ ಬೆಂದ ಸಿಹಿಗುಂಬಳ, ಸೇಬಿನ ಸಣ್ಣ ಚೂರು ಅಪರೂಪಕ್ಕೆ, ಅರ್ಧ ಚಮಚ ಮೀರದಂತೆ. ಹಸಿ ಕ್ಯಾರೆಟ್ ಗಟ್ಟಿ, ಅಂಗುಳಿಗೆ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಗೋಡಂಬಿ ಬಾದಾಮಿ, ಹಾಲು, ಬ್ರೆಡ್ಡು, ಅನ್ನ ಇವೆಲ್ಲ ನಿಷಿದ್ಧ. ಕುಡಿಯಲು ಅಗಲ ಬಾಯಿಯ ತಗ್ಗು ಬಟ್ಟಲಲ್ಲಿ ಶುದ್ಧ ನೀರು, ದಿನವೂ ಬದಲಾಯಿಸಿ.

ಮಾಂಸ, ಮೊಟ್ಟೆ, ಹುಳ ಮನೆಯೊಳಗೆ ಬರಬಾರದು ಎನ್ನುವ ಮನೆತನಗಳು ನಮ್ಮಲ್ಲಿ ಬಹಳ. ಅದು ಗೌರವಿಸಬೇಕಾದ ಆಯ್ಕೆಯೇ. ಆದರೆ ಆ ಆಯ್ಕೆ ಮನುಷ್ಯರದ್ದು, ಮುಳ್ಳಿಲಿಗೆ ಅದು ಸಾಧ್ಯವಿಲ್ಲ. ಅಂಥ ಮನೆಯವರು ಮುಳ್ಳಿಲಿ ತರದಿರುವುದೇ ಅದಕ್ಕೆ ಮಾಡುವ ಉಪಕಾರ.

ಊಟದಷ್ಟೇ ಹವೆಯೂ ಮುಖ್ಯ. 24ರಿಂದ 29 ಡಿಗ್ರಿ ಅದಕ್ಕೆ ಹಿತ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯವಾಡದಲ್ಲಿ ಅದು ಕೈಕಾಲು ಚಾಚಿ ಬಿದ್ದುಕೊಂಡು ಊಟ ಬಿಡುತ್ತದೆ. ರಾತ್ರಿಯಿಡೀ ಎಸಿಯನ್ನು 18ಕ್ಕೆ ಇಟ್ಟ ಕೋಣೆಯಲ್ಲಿ ಮೈ ತಣ್ಣಗಾಗಿ ಮಂಕಾಗಿ ಮಲಗಿಬಿಡುತ್ತದೆ, ಅದೂ ಅಪಾಯವೇ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಸುತ್ತಿಕೊಂಡಾಗ ಚೆಂಡು ಪೂರ್ತಿ ಮುಚ್ಚಿಕೊಳ್ಳದೆ ಹೋದರೆ ಬೊಜ್ಜು ಬಂದಿದೆ ಎಂದರ್ಥ. ಒಂದು ದಿನ ಕಳೆದರೂ ಬಟ್ಟಲು ಮುಟ್ಟದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಿರಿ.

*

ವಿಶಾಖಪಟ್ಟಣದಲ್ಲಿ ಕಂಬಾಲಕೊಂಡದ ಬೆಟ್ಟಗಳ ನಡುವೆ 1977ರಲ್ಲಿ ತೆರೆದ ಇಂದಿರಾ ಗಾಂಧಿ ಮೃಗಾಲಯವಿದೆ. ಅಲ್ಲಿ ಯಾವ ಪ್ರಾಣಿಗೂ ನೋಡಲು ಬಂದವರು ತಿನ್ನಲು ಕೊಡುವಂತಿಲ್ಲ. ಇದು ದೇಶದ ಎಲ್ಲ ಮೃಗಾಲಯಗಳಿಗೂ ಇರುವ ಕಾನೂನು. 1991ರ ತಿದ್ದುಪಡಿಯಲ್ಲಿ, ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಗಾಯ ಮಾಡುವುದು ಅಪರಾಧ ಎಂದ ವಾಕ್ಯದಲ್ಲೇ ತಿನ್ನಿಸುವುದನ್ನೂ ಸೇರಿಸಿದ್ದಾರೆ. ಮೊದಲ ಸಲ ಓದಿದಾಗ ವಿಚಿತ್ರ ಎನಿಸಿತ್ತು. ಕಲ್ಲು ಹೊಡೆಯುವವನೂ ಬಾಳೆಹಣ್ಣು ಕೊಡುವವನೂ ಒಂದೇ ಸಾಲಿನಲ್ಲಿ ಏಕೆ? ಮುಳ್ಳಿಲಿಯ ಚರಿತ್ರೆ ಓದಿದ ಮೇಲೆ ವಿಚಿತ್ರ ಎನಿಸುವುದಿಲ್ಲ. ಇನಾಮಿನ ಆಸೆಗೆ ಅದನ್ನು ಬಡಿದು ಕೊಂದವರ ಜೊತೆ, ಹಾಲಿಟ್ಟು ಕೊಂದವರೂ ಅದರಲ್ಲಿ ಇದ್ದಾರೆ.

ಧಾರವಾಡದ ಸೀಮೆಯಲ್ಲಿ ಬಿಲದ ಮುಂದೆ ಕೂತಿದ್ದ ವಡ್ಡರನ್ನು ಎಲಿಯಟ್ ‘ಇದರ ಹೆಸರೇನು?’ ಎಂದು ಕೇಳಿದ. ಅವರು ಹೆಸರಿನ ಜೊತೆಗೆ ಅದು ಏನು ತಿನ್ನುತ್ತದೆ, ಎಲ್ಲಿ ಕೂಡಿಡುತ್ತದೆ ಎಂಬುದನ್ನೂ ಹೇಳಿದರು. ವಿಶಾಖಪಟ್ಟಣದ ಅಂಗಡಿಯಲ್ಲಿ ಆ ಅಪ್ಪ ಬೆಲೆ ಕೇಳಿದರು, ಹೆಸರು ಕೇಳಿದರು. ಮನೆಗೆ ತರುವ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಉಳಿದಿತ್ತು.